ಒಂದರಿಂದ ಆರಕ್ಕೆ ಏರಿ ಇಳಿಯುವ ಸಂಖ್ಯೆ

ಬೋನಾಳ ಎಂದರೆ ಹೊರಗಿನವರಿಗೆ ನೆನಪಾಗುವುದು ಕೆರೆ, ಹಕ್ಕಿ. ಯಾದಗಿರಿ ಜಿಲ್ಲೆ ಎಂದರೆ ನೆನಪಾಗುವುದು ಪರೀಕ್ಷೆಯ ಫಲಿತಾಂಶ. 2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯದಾಯಿತು. 'ಈ ಕಡೆ ಹುಡುಗರಿಗೆ ಗಣಿತ ತಲೆಗೆ ಹತ್ತೋದಿಲ್ಲ' ಎನ್ನುವ ಮಾತನ್ನು ನಾವೂ ಕೇಳಿದ್ದೇವೆ. ಅದಕ್ಕೇ ಇವತ್ತು ಒಂದೇ ಒಂದು ಸಂಖ್ಯೆಯ ಇತಿಹಾಸ ಹೇಳುತ್ತೇವೆ.

12345654321

ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ.

ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆಯನ್ನು ವರ್ಣಿಸಿದ್ದಾರೆ. ಒಂದರಿಂದ ಶುರುವಾಗಿ ಆರರವರೆಗೆ ಬೆಳೆದು, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಎನ್ನುತ್ತಾರೆ. ಗ್ರಂಥ ಸಂಸ್ಕೃತದ್ದು. ಆದರೆ ಅವರು ಅದರ ಆರಂಭದಲ್ಲಿ ಹೊಗಳುವ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ. 'ಕವಿರಾಜಮಾರ್ಗ'ದಿಂದಾಗಿ ನೃಪತುಂಗನ ಹೆಸರು ನಮಗೆಲ್ಲ ಗೊತ್ತು. ಅದೇ ಕಾಲದ ಗಣಿತ ಮಾತ್ರ ನೆನಪಿನಿಂದ ಜಾರಿದೆ.

ಈ ಸಂಖ್ಯೆ ಹುಟ್ಟುವುದು ಹೇಗೆ? 111111ನ್ನು 111111ರಿಂದಲೇ ಗುಣಿಸಿ. ಶಾಲೆಯಲ್ಲಿ ಕಲಿತಂತೆ ಒಂದರ ಕೆಳಗೊಂದು ಆರು ಸಾಲು ಬರೆಯುತ್ತೀರಿ. ಪ್ರತಿ ಸಾಲೂ 111111, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಮನೆಯಲ್ಲಿ ಒಂದೇ 1, ಅದರ ಎಡಕ್ಕೆ ಎರಡು, ಹೀಗೆ ನಡುಮನೆಯಲ್ಲಿ ಆರು. ಅಲ್ಲಿಂದ ಮತ್ತೆ ಇಳಿಯುತ್ತದೆ. ಕೂಡಿಸಿದರೆ ಉತ್ತರ ಸಿದ್ಧ. ಅದರ ಅಂಕಿಗಳನ್ನೆಲ್ಲ ಕೂಡಿಸಿ ನೋಡಿ: 36, ಅಂದರೆ ಆರಾರಲೆ ಮೂವತ್ತಾರು.

ಈ ಏರಿಳಿತ ಒಂಬತ್ತು ಒಂದುಗಳವರೆಗೆ ಮಾತ್ರ ಸಾಗುತ್ತದೆ. ಆಗ 12345678987654321 ಬರುತ್ತದೆ. ಹತ್ತು ಒಂದು ಹಾಕಿದರೆ ನಡುಮನೆಯಲ್ಲಿ ಹತ್ತಾಗಿ, ಒಂದನ್ನು ಎಡಗಡೆ ಮನೆಗೆ ಒಯ್ಯಬೇಕಾಗುತ್ತದೆ. ಅಲ್ಲಿಗೆ ಅಂದ ಕೆಡುತ್ತದೆ.

ಮಹಾವೀರಾಚಾರ್ಯರು ಕೊಟ್ಟ ಲೆಕ್ಕದಲ್ಲಿ ದಾರಿ ಇಷ್ಟು ಸುಲಭವಿಲ್ಲ: 27994681 × 441. ಈ ಎರಡು ಸಂಖ್ಯೆಗಳನ್ನು ನೋಡಿದರೆ ಉತ್ತರದ ಸುಳಿವೇ ಸಿಗದು. ಗುಟ್ಟು ಇಷ್ಟೆ: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 × 5291 ಎಷ್ಟು? ಅದೇ 111111.

ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. 152207 × 73 ಮಾಡಿದರೆ ಎಂಟು ಒಂದುಗಳ ಹಾರ. 12345679 × 9 ಮಾಡಿದರೆ ಒಂಬತ್ತು ಒಂದುಗಳದ್ದು. ಗುಣಾಕಾರ ಕಲಿಯುವವರಿಗೆ ಇದರಿಂದ ಒಂದು ಲಾಭವಿದೆ. ಎಲ್ಲಿ ತಪ್ಪಿದರೂ ಹಾರ ಹರಿಯುತ್ತದೆ, ತಪ್ಪು ತಾನೇ ಕಾಣುತ್ತದೆ.

ಈ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಬಂತು. ಮಳಖೇಡದ ಅರಸನನ್ನು ಹೊಗಳಿದ ಗಣಿತ ಹೀಗೆ ಮಳಖೇಡದ ಭಾಷೆಯಲ್ಲೂ ಓದಲು ಸಿಗುತ್ತದೆ.

ಫಲಿತಾಂಶದ ಪಟ್ಟಿ ಒಂದು ವರ್ಷದ್ದು. ಈ ಲೆಕ್ಕಕ್ಕೆ ಹತ್ತಿರಹತ್ತಿರ 1,200 ವರ್ಷ. ಇವತ್ತು ಸಂಜೆ ಮಕ್ಕಳ ನೋಟ್‌ಬುಕ್ಕಿನಲ್ಲಿ, ಮೊಬೈಲ್ ಪಕ್ಕಕ್ಕಿಟ್ಟು, 111ನ್ನು 111ರಿಂದ ಗುಣಿಸಲು ಹೇಳಿ. 12321 ಬಂದರೆ 1111ಕ್ಕೆ ಹೋಗಿ. ಆರು ಒಂದುಗಳವರೆಗೆ ಮುಟ್ಟಿದ ಮಗುವಿಗೆ ಈ ಸಂಖ್ಯೆ ಯಾವ ಕಡೆಯದು ಎಂದೂ ಹೇಳಿ.