ಡಿಪೋ ಎಲ್ಲಿ?

2023ರ ಮಾರ್ಚ್ ತಿಂಗಳ ಒಂದು ಭಾನುವಾರ ಅರಸೀಕೆರೆಗೆ ಫೋನ್ ಮಾಡಿ, "ಅಪ್ಪ, ಎರಡು ವಿಮಾನ ಕಂಪನಿಯವರು ಕೆಲಸ ಕೊಡ್ತೀವಿ ಅಂದಿದಾರೆ, ಯಾವುದಕ್ಕೆ ಸೇರೋದು ಗೊತ್ತಾಗ್ತಿಲ್ಲ" ಎಂದೆ. ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಸಂಬಳ ಎಷ್ಟು, ವಿಮಾನ ಎಷ್ಟು ದೊಡ್ಡದು ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಡಿಪೋ ಎಲ್ಲಿ ಮಗಾ?"

ನನಗಾಗ ನಲವತ್ತಾರು ವರ್ಷ. ಇಪ್ಪತ್ತೆರಡು ವರ್ಷ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದ್ದೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ವಾರದ ಕೊನೆಯ ಹವ್ಯಾಸವಾಗಿ ಶುರುವಾದ ವಿಮಾನ ಕಲಿಕೆ ಲೈಸೆನ್ಸಿನಿಂದ ಲೈಸೆನ್ಸಿಗೆ ಬೆಳೆಯಿತು. ನಮ್ಮ ಆಫೀಸಿನಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದ ವರ್ಷ ನಾನು ತರಬೇತುದಾರನಾಗಿ ಸಣ್ಣ ಸೆಸ್ನಾದಲ್ಲಿ ಹುಡುಗರಿಗೆ ಹಾರಾಟ ಹೇಳಿಕೊಡತೊಡಗಿದೆ. 1500 ಗಂಟೆ ತುಂಬಿದ ಮೇಲೆ ಅರ್ಜಿ ಹಾಕಿದೆ. ಬಂದ ಎರಡು ಕರೆಗಳೂ ಇಲ್ಲಿ 'ರೀಜನಲ್' ಎಂದು ಕರೆಯುವ ಕಂಪನಿಗಳಿಂದ. ದೊಡ್ಡ ಕಂಪನಿಯ ಹೆಸರು, ಬಣ್ಣ ಹೊತ್ತ ಐವತ್ತರಿಂದ ಎಪ್ಪತ್ತಾರು ಸೀಟಿನ ವಿಮಾನಗಳನ್ನು ಸಣ್ಣ ಊರುಗಳಿಗೆ ಓಡಿಸುವುದು ಇವುಗಳ ಕಸುಬು. ಟಿಕೆಟ್ಟಿನ ಮೇಲೆ ಒಬ್ಬರ ಹೆಸರು, ಗಾಡಿ ಇನ್ನೊಬ್ಬರದು.

ಮೊದಲನೆಯದರಲ್ಲಿ ಎಪ್ಪತ್ತಾರು ಸೀಟಿನ ಹೊಸ ಜೆಟ್, ನಮ್ಮ ಒಂದು ವರ್ಷದ ಮನೆಸಾಲದ ಕಂತು ತೀರುವಷ್ಟು ಬೋನಸ್. ಆದರೆ ಬೇಸ್ ಇದ್ದದ್ದು ಟೆಕ್ಸಾಸಿನಲ್ಲಿ. ಎರಡನೆಯದರಲ್ಲಿ ಐವತ್ತು ಸೀಟಿನ ಹಳೆಯ ಜೆಟ್, ಕಡಿಮೆ ಬೋನಸ್, ಬೇಸ್ ಫಿಲಡೆಲ್ಫಿಯಾ. ನಮ್ಮ ಮನೆ ಡೆಲವೇರ್ ನದಿಯ ಈಚೆ, ನ್ಯೂಜೆರ್ಸಿಯಲ್ಲಿ. ಸೇತುವೆ ದಾಟಿದರೆ ಅರ್ಧ ಗಂಟೆಯಲ್ಲಿ ಆ ವಿಮಾನ ನಿಲ್ದಾಣ. ಮಗಳು ಆಗ ಹತ್ತನೆಯ ತರಗತಿ. ಉತ್ತರ ಕೊಡಲು ಹತ್ತು ದಿನ ಸಮಯವಿತ್ತು. ಆ ಹತ್ತು ದಿನ ನಾನು ಸಂಬಳದ ಪಟ್ಟಿಗಳಿಗಿಂತ ಹೆಚ್ಚಾಗಿ ಈ ಕಂಪನಿಗಳ ಚರಿತ್ರೆಯನ್ನೇ ಓದಿದೆ.

ಈ ಚರಿತ್ರೆ ಶುರುವಾಗುವುದು ಮೇರಿಲ್ಯಾಂಡಿನ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಗೆ ದೊಡ್ಡ ವಿಮಾನ ಹಾರಿಸುವುದು ಅಲೆಘೆನಿ ಏರ್‌ಲೈನ್ಸಿಗೆ ನಷ್ಟದ ಬಾಬತ್ತಾಗಿತ್ತು. ಅದೇ ಊರಿನಲ್ಲಿ ಫೇರ್‌ಚೈಲ್ಡ್ ಕಾರ್ಖಾನೆಯ ಪರೀಕ್ಷಾ ಪೈಲಟ್ ಆಗಿದ್ದ ರಿಚರ್ಡ್ ಹೆನ್ಸನ್ ಎಂಬಾತ ಸಣ್ಣ ವಿಮಾನಗಳ ವ್ಯವಹಾರ ನಡೆಸುತ್ತಿದ್ದ. 1967ರಲ್ಲಿ ಇಬ್ಬರಿಗೂ ಒಪ್ಪಂದವಾಯಿತು. ಹೇಗರ್ಸ್‌ಟೌನಿನಿಂದ ಬಾಲ್ಟಿಮೋರಿಗೆ ಹೆನ್ಸನ್‌ನ ವಿಮಾನ ಹಾರುತ್ತದೆ, ಹೆಸರು ಮಾತ್ರ 'ಅಲೆಘೆನಿ ಕಮ್ಯೂಟರ್'. ಒಬ್ಬರ ಬೋರ್ಡಿನ ಕೆಳಗೆ ಇನ್ನೊಬ್ಬರ ಗಾಡಿ ಓಡುವ ಪದ್ಧತಿ ಹೀಗೆ ಆರಂಭವಾಯಿತು. ಸಣ್ಣ ಊರಿಗೆ ವಿಮಾನ ಉಳಿಯಿತು, ದೊಡ್ಡ ಕಂಪನಿಗೆ ಖರ್ಚು ಉಳಿಯಿತು.

ಆ ಕಾಲದಲ್ಲಿ ಯಾವ ಕಂಪನಿ ಎಲ್ಲಿಗೆ ಹಾರಬೇಕು, ಎಷ್ಟು ದರ ಇಡಬೇಕು ಎಂಬುದನ್ನೆಲ್ಲ ಸರ್ಕಾರದ ಸಿವಿಲ್ ಏರೋನಾಟಿಕ್ಸ್ ಬೋರ್ಡೇ ಹೇಳುತ್ತಿತ್ತು. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಈ ನಿಯಂತ್ರಣವನ್ನು ಹಂತಹಂತವಾಗಿ ತೆಗೆದುಹಾಕಿತು. ದೊಡ್ಡ ಕಂಪನಿಗಳು ಕೆಲವೇ ಮಹಾನಗರಗಳನ್ನು ಕೇಂದ್ರ ಮಾಡಿಕೊಂಡವು. ಸಣ್ಣ ಊರುಗಳಿಂದ ಪ್ರಯಾಣಿಕರನ್ನು ಆ ಕೇಂದ್ರಗಳಿಗೆ ತಂದು ಸುರಿಯುವ ಕೆಲಸ ಸಣ್ಣ ಕಂಪನಿಗಳಿಗೆ ಬಿತ್ತು. 1980ರ ದಶಕದ ನಡುವೆ ಅಮೆರಿಕನ್ ಈಗಲ್, ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಎಂಬ ಹೆಸರುಗಳು ಹುಟ್ಟಿದವು. ಇವು ಕಂಪನಿಗಳ ಹೆಸರಲ್ಲ, ಬೋರ್ಡಿನ ಹೆಸರು. ಒಂದೇ ಬೋರ್ಡಿನಡಿ ಹಲವು ಕಂಪನಿಗಳ ವಿಮಾನಗಳು ಹಾರುತ್ತಿದ್ದವು.

1990ರ ದಶಕದಲ್ಲಿ ಕೆನಡೇರ್ ಮತ್ತು ಬ್ರೆಜಿಲಿನ ಎಂಬ್ರೇಯರ್ ತಯಾರಿಸಿದ ಐವತ್ತು ಸೀಟಿನ ಜೆಟ್‌ಗಳು ಬಂದವು. ಫ್ಯಾನಿನ ರೆಕ್ಕೆ ತಿರುಗುವ ವಿಮಾನ ಹತ್ತಲು ಅಳುಕುತ್ತಿದ್ದವರೂ ಇವನ್ನು ಖುಷಿಯಿಂದ ಹತ್ತಿದರು. ಆಗ ದೊಡ್ಡ ಕಂಪನಿಗಳ ಪೈಲಟ್‌ಗಳಿಗೆ ಭಯ ಹತ್ತಿತು. ತಮ್ಮ ಕೆಲಸವನ್ನೇ ಕಡಿಮೆ ಸಂಬಳದವರಿಗೆ ಹಂಚಿಬಿಟ್ಟರೆ? ಅವರ ಸಂಘಗಳು ಒಪ್ಪಂದದಲ್ಲೇ ಒಂದು ಬೇಲಿ ಹಾಕಿಸಿದವು. ರೀಜನಲ್‌ಗಳ ವಿಮಾನದಲ್ಲಿ ಇಷ್ಟಕ್ಕಿಂತ ಹೆಚ್ಚು ಸೀಟು ಇರಕೂಡದು, ಇಷ್ಟಕ್ಕಿಂತ ಹೆಚ್ಚು ತೂಕ ಇರಕೂಡದು. ಮೂರು ದೊಡ್ಡ ಕಂಪನಿಗಳಲ್ಲಿ ಈಗಿರುವ ಮಿತಿ 76 ಸೀಟು. ನನಗೆ ಬಂದ ಕರೆಪತ್ರದಲ್ಲಿದ್ದ ಎಪ್ಪತ್ತಾರು ಎಂಬ ಅಂಕಿ ಎಂಜಿನಿಯರ್ ಲೆಕ್ಕ ಹಾಕಿ ಕೊಟ್ಟದ್ದಲ್ಲ, ಸಂಘದವರು ಮೇಜು ಗುದ್ದಿ ಪಡೆದದ್ದು ಎಂದು ತಿಳಿದಾಗ ನಗು ಬಂತು.

ಈ ಲೋಕದಲ್ಲಿ ಎಲ್ಲವೂ ನಿಂತಿರುವುದು ಸೀನಿಯಾರಿಟಿ ಪಟ್ಟಿಯ ಮೇಲೆ. ಸೇರಿದ ದಿನಾಂಕದಿಂದ ಬರುವ ಒಂದು ನಂಬರ್, ಅಷ್ಟೇ. ಯಾವ ವಿಮಾನ, ಯಾವ ಬೇಸ್, ಯಾವ ಹಬ್ಬಕ್ಕೆ ರಜೆ, ಯಾವಾಗ ಕ್ಯಾಪ್ಟನ್ ಎಂಬುದೆಲ್ಲ ಆ ನಂಬರಿನ ಮೇಲೆ. ನಲವತ್ತಾರು ವರ್ಷದವನ ಅನುಭವಕ್ಕೂ ಇಪ್ಪತ್ಮೂರರ ಹುಡುಗನ ಉತ್ಸಾಹಕ್ಕೂ ಅಲ್ಲಿ ಒಂದೇ ಬೆಲೆ. ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ, ಅಥವಾ ಕಂಪನಿಯೇ ಮುಚ್ಚಿದರೆ, ಹೊಸ ಜಾಗದ ಪಟ್ಟಿಯ ಕೊನೆಗೆ ಹೋಗಿ ನಿಲ್ಲಬೇಕು. ನನ್ನಂಥವರಿಗೆ ಇನ್ನೊಂದು ಗೋಡೆಯೂ ಉಂಟು. ಅಮೆರಿಕದಲ್ಲಿ ಏರ್‌ಲೈನ್ ಪೈಲಟ್‌ಗಳು ಅರವತ್ತಕ್ಕೆ ನಿವೃತ್ತರಾಗಬೇಕೆಂಬ ನಿಯಮ 1960ರಿಂದ ಇತ್ತು. 2007ರ ಡಿಸೆಂಬರಿನಲ್ಲಿ ಅದನ್ನು ಅರವತ್ತೈದಕ್ಕೆ ಏರಿಸಿದರು. ಲೆಕ್ಕ ಹಾಕಿದೆ: ನನಗೆ ಹತ್ತೊಂಬತ್ತು ವರ್ಷ. ಇಪ್ಪತ್ಮೂರರ ಹುಡುಗನಿಗೆ ನಲವತ್ತೆರಡು. ಒಂದು ಕಂಪನಿ ಮುಳುಗಿದರೂ ಅವನು ಮತ್ತೆ ಸಾಲಿನಲ್ಲಿ ನಿಲ್ಲಬಲ್ಲ. ನಾನು ಎಷ್ಟು ಸಲ ನಿಲ್ಲಬಲ್ಲೆ?

ಹಾಗಾದರೆ ಮುಳುಗದ ಕಂಪನಿ ಯಾವುದು? ಚರಿತ್ರೆಯಲ್ಲಿ ನಾನು ಹುಡುಕಿದ್ದು ಇದನ್ನೇ. ದೊಡ್ಡ ಕಂಪನಿಯ ಸ್ವಂತ ಒಡೆತನದಲ್ಲಿರುವ ರೀಜನಲ್ ಭದ್ರ ಎಂದು ಹಲವರು ಹೇಳಿದರು. ಡೆಲ್ಟಾ ಒಡೆತನದಲ್ಲಿದ್ದ ಕಾಮೇರ್ ಹಾಗೆಯೇ ಇತ್ತು. 2001ರಲ್ಲಿ ಅದರ ಪೈಲಟ್‌ಗಳು ಸಂಬಳ, ವಿಶ್ರಾಂತಿಗಾಗಿ 89 ದಿನ ಮುಷ್ಕರ ಹೂಡಿ ಗೆದ್ದರು. 2012ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಆ ಕಂಪನಿಯನ್ನೇ ಮುಚ್ಚಿತು. ಯಾರ ಹಂಗೂ ಇಲ್ಲದೆ ಸ್ವತಂತ್ರವಾಗಿರುವುದು ಮೇಲೋ? ಅಟ್ಲಾಂಟಿಕ್ ಕೋಸ್ಟ್ ಏರ್‌ಲೈನ್ಸ್ ಪರರ ಬೋರ್ಡು ಬೇಡವೆಂದು 2004ರಲ್ಲಿ 'ಇಂಡಿಪೆಂಡೆನ್ಸ್ ಏರ್' ಎಂಬ ಹೆಸರಿಟ್ಟುಕೊಂಡು ತಾನೇ ಹಾರಿತು. 2006ರ ಜನವರಿಯಲ್ಲಿ ನಿಂತಿತು. ಕೊರೊನಾ ಬಂದ 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಕಂಪಾಸ್ ಮತ್ತು ಟ್ರಾನ್ಸ್ ಸ್ಟೇಟ್ಸ್ ಎರಡೂ ಮುಚ್ಚಿದವು. ಅದೇ ಸೆಪ್ಟೆಂಬರ್ ಕೊನೆಗೆ, ಒಂದು ಕಾಲದಲ್ಲಿ ಬಹು ದೊಡ್ಡದಾಗಿದ್ದ ಎಕ್ಸ್‌ಪ್ರೆಸ್‌ಜೆಟ್ ಯುನೈಟೆಡ್‌ಗಾಗಿ ಹಾರುವುದನ್ನು ನಿಲ್ಲಿಸಿತು. ಇವುಗಳಲ್ಲಿ ಹೆಚ್ಚಿನವು ಕೆಟ್ಟ ಕಂಪನಿಗಳೆಂದು ಮುಚ್ಚಲಿಲ್ಲ. ಹಾರಾಟದ ಗುತ್ತಿಗೆ ದೊಡ್ಡವರ ಕೈಯಲ್ಲಿದೆ. ಗುತ್ತಿಗೆ ಬೇರೆಯವರಿಗೆ ಹೋದರೆ ಪ್ರಯಾಣಿಕ ಹೋಗುತ್ತಾನೆ, ವಿಮಾನವೂ ಹೋಗುತ್ತದೆ, ಪೈಲಟ್ ತನ್ನ ನಂಬರಿನ ಜೊತೆ ಅಲ್ಲೇ ಉಳಿಯುತ್ತಾನೆ.

ಇಷ್ಟು ಓದಿದ ಮೇಲೆ ಕಂಪನಿಯ ಭವಿಷ್ಯ ಊಹಿಸಿ ಆಯ್ಕೆ ಮಾಡುವ ಹುಚ್ಚು ಬಿಟ್ಟಿತು. ಉಳಿದದ್ದು ಅಪ್ಪನ ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ಅಪಘಾತದ ತನಿಖಾ ವರದಿಯಲ್ಲಿ. 2009ರ ಫೆಬ್ರವರಿ 12ರ ರಾತ್ರಿ ಕೋಲ್ಗನ್ ಏರ್ ಎಂಬ ರೀಜನಲ್‌ನ 3407ನೇ ವಿಮಾನ ನೆವಾರ್ಕ್‌ನಿಂದ ಬಫಲೋಗೆ ಹೋಗುತ್ತಿತ್ತು. ಟಿಕೆಟ್ಟಿನ ಮೇಲೆ ಇದ್ದದ್ದು ಕಾಂಟಿನೆಂಟಲ್ ಹೆಸರು. ಇಳಿಯುವ ಮುನ್ನ ವೇಗ ಅತಿಯಾಗಿ ಕುಸಿದು, ಎಚ್ಚರಿಕೆಯಾಗಿ ಕ್ಯಾಪ್ಟನ್ನಿನ ಕೈಲಿದ್ದ ಹಿಡಿ ನಡುಗಿತು. ಆಗ ಮೂತಿ ತಗ್ಗಿಸಬೇಕಾದ ಕ್ಯಾಪ್ಟನ್ ಹಿಡಿಯನ್ನು ಹಿಂದಕ್ಕೆ ಎಳೆದ. ವಿಮಾನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ಸತ್ತರು. ಕ್ಯಾಪ್ಟನ್ನಿಗೆ 47 ವರ್ಷ. ನನ್ನ ವಯಸ್ಸಿಗೆ ಇನ್ನೊಂದು ಕೂಡಿಸಿದರೆ ಆಗುವಷ್ಟು. ಆ ಸಾಲನ್ನು ದಾಟಲು ನನಗೆ ತುಸು ಹೊತ್ತು ಬೇಕಾಯಿತು.

ಆ ಇಬ್ಬರು ಪೈಲಟ್‌ಗಳ ಬೇಸ್ ನೆವಾರ್ಕ್. ಆದರೆ ಕ್ಯಾಪ್ಟನ್ನಿನ ಮನೆ ಇದ್ದದ್ದು ಫ್ಲಾರಿಡಾದಲ್ಲಿ. ಇಪ್ಪತ್ನಾಲ್ಕು ವರ್ಷದ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ಸರಕು ವಿಮಾನದಲ್ಲಿ, ಮೆಂಫಿಸ್‌ನಲ್ಲಿ ಬದಲಿಸಿಕೊಂಡು ಬೆಳಗ್ಗೆ ನೆವಾರ್ಕ್ ಮುಟ್ಟಿದ್ದಳು. ಅವಳಿಗೆ ನೆಗಡಿಯೂ ಇತ್ತು. ಇಬ್ಬರೂ ಹಾಸಿಗೆಯಲ್ಲಿ ಸರಿಯಾಗಿ ಮಲಗಿರಲಿಲ್ಲ. ಆಯಾಸ ಅವರ ಕೆಲಸವನ್ನು ಬಹುಶಃ ಕೆಡಿಸಿರಬೇಕು, ಎಷ್ಟರ ಮಟ್ಟಿಗೆ ಎಂದು ಹೇಳಲಾಗದು ಎಂದಿತು ತನಿಖಾ ಮಂಡಳಿ.

ಸತ್ತವರ ಕುಟುಂಬದವರು ವಾಷಿಂಗ್ಟನ್ನಿಗೆ ಮತ್ತೆ ಮತ್ತೆ ಎಡತಾಕಿ ಹೊಸ ಕಾನೂನು ತರಿಸಿದರು. 2010ರ ಆಗಸ್ಟಿನಲ್ಲಿ ಅದಕ್ಕೆ ಸಹಿ ಬಿತ್ತು. ಟಿಕೆಟ್ ಮಾರುವಾಗಲೇ ವಿಮಾನ ಹಾರಿಸುವ ಕಂಪನಿ ಯಾವುದೆಂದು ತೋರಿಸಬೇಕಾಯಿತು. ಮೊದಲು 250 ಗಂಟೆಗೆ ಸಿಗುತ್ತಿದ್ದ ಫಸ್ಟ್ ಆಫೀಸರ್ ಕೆಲಸಕ್ಕೆ 2013ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 1500 ಗಂಟೆ ಬೇಕಾಯಿತು. 2014ರ ಜನವರಿಯಿಂದ ಡ್ಯೂಟಿಗೆ ಮುನ್ನ ಕನಿಷ್ಠ ಹತ್ತು ಗಂಟೆ ವಿಶ್ರಾಂತಿ ಕಡ್ಡಾಯವಾಯಿತು. ನಾನು ಮೂರು ವರ್ಷ ಸೆಸ್ನಾದಲ್ಲಿ ಸುತ್ತು ಹೊಡೆದದ್ದು ಈ ಕಾನೂನಿನಿಂದಲೇ. ಅಷ್ಟು ಗಂಟೆ ತುಂಬಿದವರು ಸಿಗುವುದು ಕಷ್ಟವಾಗಿ, ಒಂದು ಕಾಲದಲ್ಲಿ ಬದುಕಲೂ ಸಾಲದಂತಿದ್ದ ರೀಜನಲ್ ಸಂಬಳ 2022ರಲ್ಲಿ ಏಕಾಏಕಿ ಏರಿತು. ಮೊದಲ ವರ್ಷದವರಿಗೇ ಗಂಟೆಗೆ 90 ಡಾಲರ್ ಎಂದು ಕೆಲವು ಕಂಪನಿಗಳು ಸಾರಿದವು. ಎರಡು ದಶಕದ ಹಿಂದಾಗಿದ್ದರೆ ನಲವತ್ತಾರರ ಗೃಹಸ್ಥನೊಬ್ಬ ಈ ಕೆಲಸದ ಬಗ್ಗೆ ಯೋಚಿಸುವ ಹಾಗೂ ಇರಲಿಲ್ಲ. ನನ್ನ ಎರಡನೆಯ ಬದುಕಿನ ಬಾಗಿಲು ತೆರೆದದ್ದರಲ್ಲಿ ಆ ಐವತ್ತು ಜನರ ಸಾವಿನ ಪಾಲೂ ಇದೆ.

ಆದರೆ ವರದಿಯಲ್ಲಿ ಇನ್ನೊಂದು ಸಂಗತಿ ಇತ್ತು. ಕ್ಯಾಪ್ಟನ್ ಮೂರು ಸಾವಿರಕ್ಕೂ ಹೆಚ್ಚು ಗಂಟೆ ಹಾರಿದ್ದ, ಅವಳು ಎರಡು ಸಾವಿರಕ್ಕೂ ಹೆಚ್ಚು. 1500 ಗಂಟೆಯ ನಿಯಮ ಅಂದೇ ಇದ್ದಿದ್ದರೂ ಇಬ್ಬರೂ ಆ ಕಾಕ್‌ಪಿಟ್ಟಿನಲ್ಲೇ ಕೂರುತ್ತಿದ್ದರು. ಪೈಲಟ್‌ಗಳು ದೂರದ ಊರಿನಿಂದ ಡ್ಯೂಟಿಗೆ ಬರುವ ವಿಚಾರವನ್ನು ಅಧ್ಯಯನ ಮಾಡಿ ಎಂದು ಕಾನೂನು ಹೇಳಿತ್ತು. 2011ರಲ್ಲಿ ಅಧ್ಯಯನವಾಯಿತು, ವರದಿ ಬಂತು, ಮನೆ ಎಷ್ಟು ದೂರವಿರಬಹುದು ಎಂಬುದಕ್ಕೆ ನಿಯಮವೇನೂ ಬರಲಿಲ್ಲ. ಬದಲಿಗೆ ಪ್ರತಿ ಹಾರಾಟದ ಮುನ್ನ 'ನಾನು ಡ್ಯೂಟಿಗೆ ತಕ್ಕ ಸ್ಥಿತಿಯಲ್ಲಿದ್ದೇನೆ' ಎಂದು ಪೈಲಟ್ ದೃಢೀಕರಿಸಬೇಕು. ಎಲ್ಲಿ ಮಲಗಿದ್ದೆ, ಎಷ್ಟು ಹೊತ್ತು ಮಲಗಿದ್ದೆ ಎಂಬುದು ಅವನಿಗೂ ಅವನ ಮನಸ್ಸಾಕ್ಷಿಗೂ ಬಿಟ್ಟದ್ದು.

ಟೆಕ್ಸಾಸಿನ ಕೆಲಸ ಹಿಡಿದರೆ ನನ್ನ ದಿನಚರಿ ಹೇಗಿರುತ್ತದೆಂದು ಬರೆದು ನೋಡಿದೆ. ಹೊಸಬರಿಗೆ ಮೊದಲು ಸಿಗುವುದು ರಿಸರ್ವ್ ಡ್ಯೂಟಿ. ಫೋನ್ ಬಂದರೆ ಒಂದೆರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿರಬೇಕು. ಹಾಗಾಗಿ ಅಲ್ಲೇ ಹತ್ತಿರ ಏಳೆಂಟು ಪೈಲಟ್‌ಗಳು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಒಂದು ಮಂಚ. ಡ್ಯೂಟಿ ಮುಗಿದ ಮೇಲೆ ಊರಿಗೆ ಹೊರಟ ವಿಮಾನದಲ್ಲಿ ಸೀಟು ಖಾಲಿ ಇದ್ದರೆ ಮನೆ, ಇಲ್ಲದಿದ್ದರೆ ಇನ್ನೊಂದು ರಾತ್ರಿ ಅದೇ ಮಂಚ. ಮರಳುವ ದಿನ ಬೆಳಗಿನ ಜಾವ ಮೂರಕ್ಕೆ ಏಳಬೇಕು. ಬರೆದ ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಅವಳು ಓದಿ, "ಇದರಲ್ಲಿ ನಿದ್ದೆ ಎಲ್ಲಿದೆ?" ಎಂದಳು.

ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ಅವರ ಮೊದಲ ಆರು ವರ್ಷದ ಕೆಲಸ ದೂರದ ಡಿಪೋದಲ್ಲಿ ಎಂಬುದು ಗೊತ್ತಿತ್ತು. ಅದರ ಬಗ್ಗೆ ನಾನು ಎಂದೂ ಕೇಳಿರಲಿಲ್ಲ. "ನೈಟ್ ಹಾಲ್ಟಿಗೆ ಹೆದರ್ತಿರ್ಲಿಲ್ಲ ಕಣೋ" ಅಂದರು. "ಹಳ್ಳೀಲಿ ಬಸ್ ನಿಲ್ಸಿ ಸೀಟಿನ ಮೇಲೇ ಮಲಗಿದ್ರೂ ನಿದ್ದೆ ಬರ್ತಿತ್ತು. ರಜಾ ಮುಗಿಸಿ ಊರಿಂದ ಡಿಪೋಗೆ ಹೋಗ್ತಿದ್ನಲ್ಲ, ಅವತ್ತಿನ ದಿನ ಕಷ್ಟ. ರಾತ್ರಿಯೆಲ್ಲ ನಿಂತ್ಕೊಂಡು ಹೋಗಿ, ಬೆಳಗ್ಗೆ ಸ್ಟೀರಿಂಗ್ ಹಿಡೀಬೇಕು. ಒಂದ್ಸಲ ಘಾಟಿಲಿ ಕಣ್ಣು ಮುಚ್ಚಿಹೋಯ್ತು. ಕಂಡಕ್ಟರ್ ಕೂಗಿದ. ನಿಮ್ಮಮ್ಮನಿಗೆ ಇವತ್ತಿಗೂ ಹೇಳಿಲ್ಲ."

ನಾನು ಫಿಲಡೆಲ್ಫಿಯಾಕ್ಕೆ ಸೇರಿದೆ. ಕಂಪನಿ ಹತ್ತು ವರ್ಷದಲ್ಲಿ ಇರುತ್ತದೋ, ನಾನು ಎಂದಾದರೂ ದೊಡ್ಡ ವಿಮಾನದ ಎಡಗಡೆ ಸೀಟಿನಲ್ಲಿ ಕೂರುತ್ತೇನೋ ಗೊತ್ತಿಲ್ಲ. ಟೆಕ್ಸಾಸಿಗೆ ಸೇರಿದ ನನ್ನ ಜೊತೆಯ ಹುಡುಗ ನನಗಿಂತ ಮೊದಲು ಕ್ಯಾಪ್ಟನ್ ಆದ. ಸುದ್ದಿ ಕೇಳಿದ ದಿನ ಹೊಟ್ಟೆಯಲ್ಲಿ ತುಸು ಉರಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬೋನಸ್ಸಿನ ಹಣ ಮಗಳ ಕಾಲೇಜಿಗೆ ಆಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಬೆಳಗಿನ ಡ್ಯೂಟಿ ಇದ್ದಾಗ ನಾಲ್ಕಕ್ಕೆ ಎದ್ದು, ಹಿಂದಿನ ರಾತ್ರಿಯ ಚಿತ್ರಾನ್ನ ಡಬ್ಬಿಗೆ ಹಾಕಿಕೊಂಡು ಸೇತುವೆ ದಾಟುತ್ತೇನೆ. ಹಾರಾಟದ ಕಾಗದಪತ್ರ ಬಂದಾಗ 'ಡ್ಯೂಟಿಗೆ ತಕ್ಕ ಸ್ಥಿತಿಯಲ್ಲಿದ್ದೇನೆ' ಎಂಬಲ್ಲಿ ಒಪ್ಪಿಗೆ ಹಾಕುವ ಮುನ್ನ ಒಂದು ಗಳಿಗೆ ನಿಲ್ಲುವುದು ನನಗೆ ಅಭ್ಯಾಸವಾಗಿದೆ. ಇದುವರೆಗೆ ಎರಡು ಸಲ ಹಾಕದೆ ಫೋನ್ ಮಾಡಿ ಮನೆಗೆ ಮರಳಿದ್ದೇನೆ. ಮನೆ ಅರ್ಧ ಗಂಟೆಯ ದಾರಿಯಲ್ಲಿದ್ದದ್ದರಿಂದ ಅದು ಸುಲಭವಾಯಿತು.