ಮೊದಲ ಪಾಠ ಯಾರಿಗೆ?

ರಷ್ಯನ್ ಕಲಿಯೋಕೆ ಮೊದಲ ಪುಸ್ತಕ ಯಾವುದು? ಈ ಪ್ರಶ್ನೆಯನ್ನು ನಾವು ರಷ್ಯದ ರೈತ, ಕೂಲಿಗಾರರ ಕಡೆಯಿಂದ ಕೇಳಬೇಕು. 1897ರ ಜನಗಣತಿಯ ಹೊತ್ತಿಗೆ ಜಾರ್ ಸಾಮ್ರಾಜ್ಯದಲ್ಲಿ ಓದಬಲ್ಲವರು ನೂರಕ್ಕೆ 21 ಮಂದಿ. ಉಳಿದವರ ಬೆವರು ಬೇಕಿತ್ತು, ಓದು ಬೇಕಿರಲಿಲ್ಲ.

1919ರ ಡಿಸೆಂಬರ್ 26ರಂದು ಸೋವಿಯತ್ ಸರ್ಕಾರ ಆಜ್ಞೆ ಹೊರಡಿಸಿತು: 8ರಿಂದ 50 ವರ್ಷದವರೆಲ್ಲ ರಷ್ಯನ್ನಿನಲ್ಲೋ ತಾಯ್ನುಡಿಯಲ್ಲೋ ಓದುಬರಹ ಕಲಿಯಬೇಕು. ಕಲಿಯುವ ಕೂಲಿಗಾರರಿಗೆ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ, ಕೂಲಿ ಮಾತ್ರ ಪೂರ್ತಿ. ಸರಿ, ಪುಸ್ತಕ ಎಲ್ಲಿ? ಕೋವಿ ಹಿಡಿದ, ನೇಗಿಲು ಹಿಡಿದ ಕೈಗೆ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವಲ್ಲವೆ? ದೋರಾ ಎಲ್ಕಿನಾ ಮತ್ತು ಜೊತೆಗಾರರು ದೊಡ್ಡವರಿಗೆಂದೇ ಒಂದು ಅಕ್ಷರಪುಸ್ತಕ ಮಾಡಿದರು. ಓದುವವರು ಯಾರ ಗುಲಾಮರೂ ಅಲ್ಲವೆಂಬ ಮಾತು ಅದರ ಮೊದಲ ಪಾಠಗಳಲ್ಲೇ ಇತ್ತು. ಅಕ್ಷರದ ಜೊತೆಗೇ ತಲೆ ಎತ್ತೋದನ್ನೂ ಕಲಿಸಿತು.

ಆದರೆ ಇಷ್ಟಕ್ಕೇ ಜೈಕಾರ ಹಾಕಿ ಸುಮ್ಮನಾಗಲಾರೆವು. 1938ರಲ್ಲಿ ಅದೇ ಸರ್ಕಾರ ರಷ್ಯನ್ನೇತರ ಶಾಲೆಗಳಲ್ಲೆಲ್ಲ ರಷ್ಯನ್ ಕಡ್ಡಾಯ ಮಾಡಿತು. ಬೇಕೋ ಬೇಡವೋ ಅಂತ ಉಜ್ಬೆಕ್, ಕಜಕ್ ಮಕ್ಕಳನ್ನು ಕೇಳಲಿಲ್ಲ. ಬಿಡುಗಡೆಯ ಅಕ್ಷರವೇ ಅಪ್ಪಣೆಯಾಯಿತು.

ಗೆಳೆಯರೇ, ರಷ್ಯನ್ ಕಲಿಯೋಣ. ಪುಸ್ತಕ ಆರಿಸುವಾಗ ಬೆಲೆ, ಬಣ್ಣ ಆಮೇಲೆ. ಮೊದಲ ಪಾಠ ತೆರೆದು ನೋಡೋಣ: ಅದು ನಮ್ಮನ್ನು ಮನುಷ್ಯರೆಂದು ಮಾತಾಡಿಸುತ್ತದೋ, ಆಳುಗಳೆಂದೋ?