ಇಂಧನದ ಲೆಕ್ಕಾಚಾರ

ವಾಹನಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ವೇಗವನ್ನೂ ಬಲವನ್ನೂ ವರ್ಣಿಸಿರುವರೇ ಹೊರತು, ತಿಂಗಳ ಸಂಬಳದಲ್ಲಿ ಮನೆಬಾಡಿಗೆ, ದಿನಸಿ, ಮಕ್ಕಳ ಶಾಲೆಯ ಶುಲ್ಕ ಇವೆಲ್ಲವನ್ನೂ ಕಳೆದು ಉಳಿದ ಹಣದಲ್ಲಿ ಕಚೇರಿಗೆ ಹೋಗಿಬರಲು ಯಾವ ಗಾಡಿ ಕೈಗೆಟುಕೀತೆಂದು ಕಾಗದದ ಮೇಲೆ ಲೆಕ್ಕ ಹಾಕಿದ ಗೃಹಸ್ಥನನ್ನು ಕುರಿತು ಬರೆದವರು ವಿರಳ. ಆದರೂ ನಮ್ಮ ರಸ್ತೆಗಳ ಮೇಲೆ ಇಂದು ಓಡುತ್ತಿರುವ ವಾಹನಗಳ ಸ್ವರೂಪವನ್ನು ನಿರ್ಣಯಿಸಿದವನು ಆ ಗೃಹಸ್ಥನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೆಟ್ರೋಲಿನ ಅಭಾವವೆಂಥದೆಂಬುದನ್ನು ನಮ್ಮ ಜನ ಮೊದಲು ಅನುಭವಿಸಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1941ರಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಮರುವರ್ಷದ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದ ಮೇಲೆ, ಅದುವರೆಗೆ ಬರ್ಮಾದಿಂದ ಹಡಗೇರಿ ಬರುತ್ತಿದ್ದ ತೈಲವೂ ನಿಂತುಹೋಯಿತು. ಸೈನ್ಯಕ್ಕೆ ಅಗ್ರಭಾಗ ಸಲ್ಲಬೇಕಾಗಿದ್ದ ಆ ದಿನಗಳಲ್ಲಿ ಊರೂರಿನ ಬಸ್ಸುಗಳು ಇದ್ದಿಲನ್ನು ಆಶ್ರಯಿಸಿದುವು. ಭದ್ರಾವತಿಯ ಕುಲುಮೆಯಲ್ಲಿ 1923ರಿಂದಲೂ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸುತ್ತಿದ್ದ ಮೈಸೂರು ಸೀಮೆಗೆ ಇದ್ದಿಲು ಹೊಸ ವಸ್ತುವಾಗಿರಲಿಲ್ಲ. ಅದರಿಂದ ಬಸ್ಸು ಓಡೀತೆಂಬುದು ಮಾತ್ರ ಹೊಸದಾಗಿದ್ದಿತು.

ಬಸ್ಸಿನ ಹಿಂಬದಿಗೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿಯನ್ನು ಬಿಗಿದಿರುತ್ತಿದ್ದರು. ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರ್ ಹುಡುಗನು ಅದಕ್ಕೆ ಇದ್ದಿಲು ಸುರಿದು, ಮುಚ್ಚಳವನ್ನು ಭದ್ರಪಡಿಸಿ, ಕೆಳಗಿನ ರಂಧ್ರದಲ್ಲಿ ಎಣ್ಣೆಬಟ್ಟೆಯ ಕಿಚ್ಚಿಟ್ಟು, ಗಾಳಿಯೂದುವ ಚಕ್ರವನ್ನು ಬೆವರಿಳಿಯುವವರೆಗೂ ಕೈಯಿಂದ ತಿರುಗಿಸುತ್ತಿದ್ದನು. ಸಾಲದಷ್ಟು ಗಾಳಿಯಲ್ಲಿ ಉರಿದ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಹೊರಡಿಸುತ್ತದೆ. ಪರೀಕ್ಷೆಯ ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿದಾಗ ಜ್ವಾಲೆ ಸ್ಥಿರವಾಗಿ ನಿಂತಿತೆಂದರೆ ಅನಿಲ ಹದಕ್ಕೆ ಬಂದಿತೆಂದು ತಿಳಿದು, ಚಾಲಕನು ಎಂಜಿನ್ನನ್ನು ಚಾಲೂ ಮಾಡುತ್ತಿದ್ದನು. ಈ ಅನಿಲದಲ್ಲಿ ಅರ್ಧಕ್ಕೂ ಮಿಕ್ಕ ಭಾಗ ಉರಿಯದ ನೈಟ್ರೋಜನ್ನೇ ಆಗಿರುವುದರಿಂದ ಎಂಜಿನ್ನಿನ ಬಲ ಬಹಳವಾಗಿ ಕುಂದುತ್ತಿದ್ದಿತು; ಘಟ್ಟದ ಏರಿನಲ್ಲಿ ಪ್ರಯಾಣಿಕರು ಇಳಿದು ನಡೆಯುವುದೂ, ಒಮ್ಮೊಮ್ಮೆ ಹಿಂದಿನಿಂದ ನೂಕುವುದೂ ಯಾರಿಗೂ ಆಶ್ಚರ್ಯವನ್ನುಂಟುಮಾಡುತ್ತಿರಲಿಲ್ಲ. ವಾಸನೆಯಿಲ್ಲದ, ಕಣ್ಣಿಗೆ ಕಾಣದ ಆ ವಿಷಾನಿಲದ ಬಳಿಯಲ್ಲಿಯೇ ದಿನವಿಡೀ ದುಡಿದ, ಮಸಿಹಿಡಿದ ಮುಖದ ಆ ಕ್ಲೀನರುಗಳ ಶ್ರಮವನ್ನು ನಮ್ಮ ಸಾರಿಗೆಯ ಇತಿಹಾಸ ಗೌರವದಿಂದ ನೆನೆಯಬೇಕಾದುದು ನ್ಯಾಯ.

ಯುದ್ಧಾನಂತರ ಪೆಟ್ರೋಲು ಸುಲಭವಾಗಿ ದೊರೆಯತೊಡಗಿದಾಗ ಇದ್ದಿಲಿನ ಪೀಪಾಯಿಗಳು ಗುಜರಿ ಸೇರಿದುವು. ಮುಂದಿನ ಎರಡು ದಶಕಗಳಲ್ಲಿ ಗೃಹಸ್ಥನಿಗೆ ಆಯ್ಕೆಯೆಂಬುದೇ ಹೆಚ್ಚಾಗಿರಲಿಲ್ಲ. ಕಾರೆಂದರೆ ಅಂಬಾಸಿಡರ್ ಅಥವಾ ಫಿಯಟ್; ಸ್ಕೂಟರಾದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. 1961ರಲ್ಲಿ ಮೈಸೂರಿನಲ್ಲಿಯೇ ತಯಾರಾಗತೊಡಗಿದ ಜಾವಾ ಬೈಕು ನಮ್ಮ ಸೀಮೆಯವರ ಅಭಿಮಾನಕ್ಕೆ ಪಾತ್ರವಾದುದು ಸಹಜವೇ. ಆದರೆ 250 ಸಿಸಿಯ ಆ ಎರಡು ಸ್ಟ್ರೋಕಿನ ಎಂಜಿನ್ನನ್ನು ಮೆಚ್ಚಿದವರು ಅದರ ಸದ್ದನ್ನೂ ಗಟ್ಟಿತನವನ್ನೂ ಮೆಚ್ಚಿದರಲ್ಲದೆ ಅದರ ಮಿತಾಹಾರವನ್ನಲ್ಲ.

ಎಲ್ಲವನ್ನೂ ಬದಲಿಸಿದುದು 1973ನೆಯ ಇಸವಿ. ಆ ಅಕ್ಟೋಬರಿನ ಅರಬ್-ಇಸ್ರೇಲಿ ಯುದ್ಧದ ಪರಿಣಾಮವಾಗಿ, ಪೀಪಾಯಿಗೆ ಮೂರು ಡಾಲರಿನಷ್ಟಿದ್ದ ಕಚ್ಚಾತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಹನ್ನೆರಡರ ಸಮೀಪಕ್ಕೆ ಏರಿತು. ನವೆಂಬರಿನಲ್ಲಿ ಅಟಲ ಬಿಹಾರಿ ವಾಜಪೇಯಿಯವರು ಪೆಟ್ರೋಲಿನ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆಗತಾನೇ, ಎಂದರೆ 1972ರಲ್ಲಿ, ಪುಣೆಯಿಂದ ಬಂದಿದ್ದ ಲೂನಾ ಎಂಬ, ಸೈಕಲ್ಲಿನಂತೆ ಪೆಡಲುಳ್ಳ 50 ಸಿಸಿಯ ಪುಟ್ಟ ಗಾಡಿಗೆ ಈ ಕಾಲ ಅನುಕೂಲವಾಗಿ ಒದಗಿತು. 1980ರಲ್ಲಿ ಬೆಂಗಳೂರಿನ ಮಗ್ಗುಲಿನ ಹೊಸೂರಿನಿಂದ, ಇಬ್ಬರು ಕೂಡಬಲ್ಲ ಟಿವಿಎಸ್ 50 ಹೊರಬಂದಿತು. ಮೇಷ್ಟರು, ಗುಮಾಸ್ತರು, ಹಾಲಿನ ಕ್ಯಾನನ್ನು ತೂಗುಹಾಕಿಕೊಂಡು ಡೈರಿಗೆ ಹೋಗುವ ರೈತರು ಇವನ್ನು ಕೊಂಡುದು ಚೆಂದಕ್ಕಾಗಿ ಅಲ್ಲ.

ಆದರೂ ಈ ಗಾಡಿಗಳೆಲ್ಲಕ್ಕೂ ಒಂದು ಹುಟ್ಟುದೋಷವಿದ್ದಿತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ, ಸುಟ್ಟ ಹೊಗೆ ಹೊರಹೋಗುವಾಗ ಸುಡದ ಹೊಸ ಪೆಟ್ರೋಲಿನ ಒಂದಂಶವೂ ಅದರೊಡನೆಯೇ ಹೊರಟುಹೋಗುತ್ತದೆ. ಮೇಲಾಗಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ಖರ್ಚು ಬೇರೆ. ಈ ಪೋಲನ್ನು ತಡೆದುದು 1985ರಲ್ಲಿ ಬಂದ, ನಾಲ್ಕು ಸ್ಟ್ರೋಕಿನ ಹೀರೋ ಹೋಂಡಾ ಸಿಡಿ 100. ಪೆಟ್ರೋಲು ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತೂ, ಲೀಟರಿಗೆ 80 ಕಿಲೋಮೀಟರ್ ಎಂಬ ಅದರ ಭರವಸೆಯೂ ಮನೆಮಾತಾದುವು. ಅದೇ ವರ್ಷ ಹೆಚ್ಚುಕಡಮೆ ಅಷ್ಟೇ ಗಾತ್ರದ ಎಂಜಿನ್ನುಳ್ಳ, ಆದರೆ ಎರಡು ಸ್ಟ್ರೋಕಿನ, ಯಮಾಹಾ ಆರ್‌ಎಕ್ಸ್ 100 ಕೂಡ ಬಂದಿತು. ತರುಣರು ಅದನ್ನು ಪ್ರೀತಿಸಿದರು, ಈಗಲೂ ಪ್ರೀತಿಸುತ್ತಾರೆ. ಆ ಪ್ರೀತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಒಂದು ಸಂಸಾರದ ಭಾರವನ್ನು ಹೊತ್ತು, ವರ್ಷಾನುಗಟ್ಟಲೆ, ತೆಗೆದುಕೊಂಡುದಕ್ಕಿಂತ ಹೆಚ್ಚು ಕೊಟ್ಟ ಗಾಡಿ ಯಾವುದೆಂದು ಕೇಳಿದರೆ ನಾನು ಸಿಡಿ 100ರ ಪಕ್ಷವನ್ನೇ ವಹಿಸುವೆನು.

ಭರವಸೆಯನ್ನು ಪರೀಕ್ಷಿಸುವ ವಿಧಾನವನ್ನು ಜನ ತಾವೇ ಕಂಡುಕೊಂಡಿದ್ದರು. ಗಾಡಿ ರಿಸರ್ವಿಗೆ ಬಂದ ಕೂಡಲೇ ಮೀಟರಿನ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು, ಬಂಕಿನಲ್ಲಿ ಸರಿಯಾಗಿ ಒಂದು ಲೀಟರು ಹಾಕಿಸಿ, ಪೆಟ್ರೋಲಿನ ನಲ್ಲಿಯನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಮತ್ತೆ ರಿಸರ್ವಿಗೆ ಬರುವವರೆಗೆ ಓಡಿದ ದೂರವನ್ನು ಎಣಿಸುವುದು. ಪ್ರಯೋಗಾಲಯದ ಉರುಳೆಗಳ ಮೇಲೆ ಅಳೆದ ಅಂಕಿಗಿಂತ ಈ ಚೀಟಿಯ ಅಂಕಿಗೇ ನೆರೆಹೊರೆಯಲ್ಲಿ ಬೆಲೆ ಹೆಚ್ಚು. ಗಾಡಿ ಕೊಳ್ಳಹೊರಟವನು ಷೋರೂಮಿಗೆ ಹೋಗುವ ಮೊದಲು ವಿಚಾರಿಸುತ್ತಿದ್ದುದು ಚೀಟಿ ಇಟ್ಟುಕೊಂಡವನನ್ನೇ.

ಕಾರಿನ ಕಥೆ ಇದಕ್ಕಿಂತ ಸಂಕ್ಷಿಪ್ತವಾದುದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಒಂದು ಟನ್ನಿಗೂ ಮೀರಿದ ತೂಕದ ಅಂಬಾಸಿಡರಿನ ಎದುರಿಗೆ ತನ್ನ ಹಗುರವಾದ ಮೈಯಿಂದಲೂ 796 ಸಿಸಿಯ ಸಣ್ಣ ಎಂಜಿನ್ನಿನಿಂದಲೂ ಗೆದ್ದಿತು. ಬಳಿಕ ಡೀಸೆಲಿನ ಕಾಲ ಬಂದಿತು. ಸರಕಾರವು ಪೆಟ್ರೋಲಿನ ಬೆಲೆಯ ಮೇಲಿನ ಹತೋಟಿಯನ್ನು 2010ರಲ್ಲಿ ಬಿಟ್ಟು, ಡೀಸೆಲಿನ ಮೇಲಿನದನ್ನು 2014ರ ಅಕ್ಟೋಬರಿನವರೆಗೂ ಉಳಿಸಿಕೊಂಡುದರಿಂದ, ಎರಡರ ನಡುವಣ ಅಂತರವನ್ನು ನೋಡಿ, ನಿತ್ಯ ದೂರ ಓಡಾಡುವವರು ಮಾತ್ರವಲ್ಲದೆ, ವಾರಕ್ಕೊಮ್ಮೆ ಗಾಡಿ ತೆಗೆಯುವವರೂ ಡೀಸೆಲ್ ಕಾರು ಕೊಂಡರು. ಕೊಳ್ಳುವಾಗ ತೆತ್ತ ಅಧಿಕ ಹಣ ಎಷ್ಟು ಸಾವಿರ ಕಿಲೋಮೀಟರಿನಲ್ಲಿ ಮರಳೀತೆಂಬ ಭಾಗಾಕಾರವನ್ನು ಮಾಡಿ ನೋಡಿದವರು ಅವರಲ್ಲಿ ಕಡಮೆ. ಅಂತರ ಕಿರಿದಾದ ಮೇಲೆ ಹಲವರು ಪಶ್ಚಾತ್ತಾಪಪಟ್ಟರು.

ಇಂದು ಅದೇ ಭಾಗಾಕಾರ ವಿದ್ಯುತ್ ವಾಹನಗಳಿಗೆ ಸಲ್ಲುತ್ತಿದೆ. ಬೆಂಗಳೂರು 2001ರಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನೂ, 2018ರಲ್ಲಿ ಏಥರ್ ಸ್ಕೂಟರನ್ನೂ ರಸ್ತೆಗಿಳಿಸಿದ ಊರು. ಕೊಳ್ಳುವ ಬೆಲೆ ಹೆಚ್ಚು, ಓಡಿಸುವ ಖರ್ಚು ಅಲ್ಪ, ಬ್ಯಾಟರಿಯ ಆಯುಷ್ಯ ಇಷ್ಟು. ದಿನಕ್ಕೆ ಹತ್ತು ಕಿಲೋಮೀಟರ್ ಹೋಗುವವನಿಗೆ ಬರುವ ಉತ್ತರ ಒಂದು, ಐವತ್ತು ಹೋಗುವವನಿಗೆ ಬರುವುದು ಇನ್ನೊಂದು.